ಕಡಿದ ಮರ ಮತ್ತೆ ಚಿಗುರುತ್ತಿದೆಯಾ? ಮೊದಲು ಚಿಗುರು ಎಲ್ಲಿಂದ ಬಂತು ನೋಡಿ

ನಮ್ಮ ಹೊಲ ಅಣ್ಣಿಗೇರಿ ಹತ್ತಿರ. ಎರೆ ಹೊಲ. ಬದುವಿನ ಉದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿತ್ತು. ಕೆಲವರು ಇದನ್ನು ಪೀಕಜಾಲಿ ಅಂತಲೂ ಕರೆಯುತ್ತಾರೆ. ಮೂರು ವರ್ಷ ಬೇಸಿಗೆಯಲ್ಲಿ ಕೂಲಿ ಕೊಟ್ಟು ಕಡಿಸಿದೆವು. ಪ್ರತಿ ಸಲ ಮಿರಗ ಮಳೆ ಬಿದ್ದ ಮೇಲೆ ಮತ್ತೆ ಹಸಿರಾಗಿ ನಿಲ್ಲುತ್ತಿತ್ತು. ಮೊದಲು ಒಂದು ಕಾಂಡ ಇದ್ದ ಜಾಗದಲ್ಲಿ ಮೂರನೇ ವರ್ಷಕ್ಕೆ ಎಂಟು ಹತ್ತು ಕಾಂಡ ಎದ್ದಿದ್ದವು. ಮುಳ್ಳು ಇನ್ನೂ ಜಾಸ್ತಿ. ಆಗ ನಮ್ಮ ಕಾಕಾ ಬೊಡ್ಡೆಯ ಪಕ್ಕ ಕುಳಿತು ಗುದ್ದಲಿಯಿಂದ ಒಂದಿಷ್ಟು ಮಣ್ಣು ಸರಿಸಿ ತೋರಿಸಿದರು. "ನೀ ಕಡಿಯಾಕತ್ತಿದ್ದು ಮ್ಯಾಲಿನ ಮರ. ಜೀವ ಇಲ್ಲೈತಿ ನೋಡು" ಅಂದರು. ಮಣ್ಣಿನ ಅರ್ಧ ಅಡಿ ಕೆಳಗೆ ಬೇರು ಉಬ್ಬಿಕೊಂಡಿತ್ತು. ಅದರ ತುಂಬ ಸಣ್ಣ ಸಣ್ಣ ಮೊಗ್ಗು.

ಅವತ್ತಿನಿಂದ ಯಾರೇ ಕೇಳಿದರೂ ನಾನು ಮೊದಲು ಇದನ್ನೇ ಹೇಳುತ್ತೇನೆ. ಕೊಡಲಿ, ಜೆಸಿಬಿ, ಔಷಧಿ ಎಲ್ಲ ಆಮೇಲೆ. ಚಿಗುರು ಬೊಡ್ಡೆಯಿಂದ ಬಂದಿದೆಯಾ, ಬೇರಿನಿಂದ ಬಂದಿದೆಯಾ, ಬೀಜದಿಂದ ಹುಟ್ಟಿದೆಯಾ? ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ.

ಕಡಿಯುವ ಮೊದಲು: ಇದು ಯಾವ ಮರ?

ಬಳ್ಳಾರಿ ಜಾಲಿ ಅಂದುಕೊಂಡು ಬನ್ನಿ ಮರ ಕಡಿದವರನ್ನು ನೋಡಿದ್ದೇನೆ. ದಸರಾದಲ್ಲಿ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವ ನಾವೇ ಅದನ್ನು ಕಡಿದರೆ ಹೇಗೆ? ಎಲೆ ದೂರದಿಂದ ಒಂದೇ ಥರ ಕಾಣುತ್ತದೆ, ಮುಳ್ಳು ನೋಡಿ. ಬಳ್ಳಾರಿ ಜಾಲಿಯಲ್ಲಿ ಎಲೆ ಹೊರಡುವ ಗಿಣ್ಣಿನಲ್ಲೇ ಮುಳ್ಳು ಜೋಡಿಯಾಗಿ ಇರುತ್ತದೆ. ಬನ್ನಿಯಲ್ಲಿ ಸಣ್ಣ ಮುಳ್ಳುಗಳು ಗಿಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ. ನಮ್ಮ ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಹಾಗೆ. ಬಳ್ಳಾರಿ ಜಾಲಿಯ ಹೂ ಉದ್ದ ಬಾಲದ ಹಾಗೆ, ಕಾಯಿ ಹಣ್ಣಾದಾಗ ಹಳದಿ, ಬಾಯಿಗೆ ಸಿಹಿ. ಕರಿಜಾಲಿ ಕೂಡ ಉಪಯೋಗದ ಮರ. ಅಡ್ಡ ಇಲ್ಲದಿದ್ದರೆ ಇರಲಿ ಬಿಡಿ.

ಇನ್ನೊಂದು ವಿಷಯ ಅನುಮತಿ. ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್ ಥರದ ಕೆಲವು ಮರಗಳಿಗೆ ಅದರಲ್ಲಿ ವಿನಾಯಿತಿ ಇದೆ. ಬೇವು, ಅರಳಿ, ಆಲ ಹಾಗಲ್ಲ. ನಿಮ್ಮ ಸ್ವಂತ ಜಾಗದಲ್ಲಿದ್ದರೂ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಿ. ರಸ್ತೆ ಬದಿ, ಗಾಂವಠಾಣ, ಕೆರೆ ದಂಡೆಯ ಮರವಂತೂ ನಿಮ್ಮದಲ್ಲ, ಅದು ಎಷ್ಟೇ ತೊಂದರೆ ಕೊಡಲಿ.

ಕಾಣುವುದು: ಬೊಡ್ಡೆಯ ಸುತ್ತ ಗೊಂಚಲು ಗೊಂಚಲು ಚಿಗುರು

ಜಾಸ್ತಿ ಜನರಿಗೆ ಎದುರಾಗುವುದು ಇದೇ. ಒಂದು ಚಿಗುರು ಹಿಡಿದು ಬುಡದವರೆಗೆ ಬೆರಳಿಂದ ತಡವಿ. ಮಣ್ಣಿನ ಮೇಲೆ, ತೊಗಟೆಯಿಂದ ಹೊರಟಿದ್ದರೆ ಅದು ನೀಲಗಿರಿ, ಸುಬಾಬುಲ್, ಬೇವಿನ ರೀತಿ. ಮಣ್ಣಿನ ಒಳಗಿಂದ ಬಂದಿದ್ದರೆ ಜಾಲಿಯ ರೀತಿ.

ಚಿಗುರು ಬರುತ್ತಿದೆ ಅಂದರೆ ಬೇರಿನಲ್ಲಿ ಕೂಡಿಟ್ಟ ಆಹಾರ ಇನ್ನೂ ಇದೆ ಅಂತ ಅರ್ಥ. ಎಲೆ ಇಲ್ಲದೆ ಮರ ಹೊಸ ಆಹಾರ ಮಾಡಲಾರದು. ಹಾಗಾಗಿ ಕೂಡಿಟ್ಟಿದ್ದನ್ನು ಖರ್ಚು ಮಾಡಿ ಎಲೆ ಬಿಡುತ್ತದೆ. ಎಲೆ ಬಲಿತ ಮೇಲೆ ಅದೇ ಎಲೆ ಬೇರಿಗೆ ಆಹಾರ ವಾಪಸ್ ಕಳಿಸುತ್ತದೆ. ನಾವು ವರ್ಷಕ್ಕೊಮ್ಮೆ ಕಡಿದಾಗ ಏನಾಗುತ್ತಿತ್ತು ಅಂದರೆ, ಅದು ಖರ್ಚು ಮಾಡಿದ್ದಕ್ಕಿಂತ ಜಾಸ್ತಿ ಗಳಿಸಿಕೊಂಡ ಮೇಲೆ ಕಡಿಯುತ್ತಿದ್ದೆವು. ಮುಂದಿನ ವರ್ಷ ಅದಕ್ಕೆ ಇನ್ನೂ ಬಲ.

ದುಡ್ಡು ಖರ್ಚಿಲ್ಲದ ಉಪಾಯ ಕೈಯಿಂದ ಚಿಗುರು ತಿಕ್ಕಿ ಹಾಕುವುದು. ಚಿಗುರು ಗೇಣುದ್ದ ಇದ್ದಾಗಲೇ ಮುರಿಯಬೇಕು. ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಕಂಡಾಗ. ಕುಡಗೋಲಿನಿಂದ ಕತ್ತರಿಸಿದರೆ ಬುಡದಲ್ಲಿ ತುಂಡು ಉಳಿದು ಅದರಿಂದ ಎರಡು ಹೊರಡುತ್ತವೆ. ಅದಕ್ಕೇ ಬುಡ ಸಮೇತ ಕಿತ್ತು ಬರುವ ಹಾಗೆ ಕೆಳಕ್ಕೆ ಒತ್ತಿ ಮುರಿಯಿರಿ. ಚಿಗುರು ಸಲದಿಂದ ಸಲಕ್ಕೆ ತೆಳ್ಳಗಾಗುತ್ತಾ, ಎಲೆ ತಿಳಿ ಬಣ್ಣಕ್ಕೆ ತಿರುಗುತ್ತಾ ಬಂದರೆ ಬೇರು ಸೋಲುತ್ತಿದೆ. ಸಣ್ಣ ಮರ ಒಂದು ವರ್ಷದಲ್ಲಿ ಸಾಯಬಹುದು, ದೊಡ್ಡದು ಎರಡು ವರ್ಷ ಕೇಳುತ್ತದೆ. ನಡುವೆ ಎರಡು ತಿಂಗಳು ಮರೆತರೆ ಮತ್ತೆ ಮೊದಲಿನಿಂದ ಶುರು.

ಸುಬಾಬುಲ್ ಆದರೆ ಈ ಕೆಲಸಕ್ಕೆ ಆಡು ಬಿಡಿ. ಚಿಗುರು ತಿಂದು ಹಾಕುತ್ತವೆ. ಬಳ್ಳಾರಿ ಜಾಲಿಯ ಎಲೆಯನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಕಾಯಿಯನ್ನು ಮಾತ್ರ ಹುಡುಕಿ ಹುಡುಕಿ ತಿನ್ನುತ್ತವೆ. ಅದರ ಫಲ ಮುಂದೆ ಹೇಳುತ್ತೇನೆ.

ನೀಲಗಿರಿ ಬೊಡ್ಡೆಗೆ ತೊಗಟೆ ಸುಲಿಯುವುದು ಒಳ್ಳೆಯ ಉಪಾಯ. ಅದರ ಮೊಗ್ಗು ಇರುವುದು ತೊಗಟೆಯ ಅಡಿಯಲ್ಲಿ. ಹಸಿ ಇರುವಾಗಲೇ ಬೊಡ್ಡೆಯ ಸುತ್ತ ಮಣ್ಣು ಸರಿಸಿ, ನೆಲಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ ತೊಗಟೆ ಪೂರ್ತಿ ಸುಲಿದು ಬಿಳಿ ಕಟ್ಟಿಗೆ ಕಾಣುವ ಹಾಗೆ ಮಾಡಿ. ಒಂದು ಪಟ್ಟಿ ತೊಗಟೆ ಉಳಿದರೂ ಅಲ್ಲಿಂದ ಚಿಗುರುತ್ತದೆ.

ಬಳ್ಳಾರಿ ಜಾಲಿಗೆ ಅಗೆಯುವುದೇ ಸರಿ. ಬೇರು ಉಬ್ಬಿರುವ ಕುತ್ತಿಗೆ ಭಾಗದ ಕೆಳಗೆ, ಅಂದರೆ ಸುಮಾರು ಒಂದು ಅಡಿ ಆಳದಲ್ಲಿ ಬೇರು ಕತ್ತರಿಸಿ ಕುತ್ತಿಗೆಯನ್ನು ಹೊರಗೆ ತೆಗೆಯಬೇಕು. ಅದರ ಕೆಳಗಿನ ಬೇರು ಸಾಮಾನ್ಯವಾಗಿ ಚಿಗುರುವುದಿಲ್ಲ, ಬೇರೆಲ್ಲ ಕೀಳಬೇಕು ಅಂತ ಒದ್ದಾಡಬೇಡಿ. ಎರೆ ಮಣ್ಣಿನಲ್ಲಿ ಇದಕ್ಕೆ ಹದ ಕಾಯಬೇಕು. ಏಪ್ರಿಲ್‌ನಲ್ಲಿ ಹಾರಿ ಹಾಕಿದರೂ ಕಲ್ಲಿನ ಹಾಗೆ ಇರುತ್ತದೆ. ಮಳೆ ಬಿದ್ದ ಮರುದಿನ ಕಾಲೇ ಎತ್ತಲಾಗದು. ಒಳ್ಳೆ ಮಳೆಯಾಗಿ ನಾಲ್ಕೈದು ದಿನ ಬಿಸಿಲು ಬಿದ್ದ ಮೇಲೆ ಗುದ್ದಲಿಗೆ ಮಣ್ಣು ಮೆತ್ತಗೆ ಬರುತ್ತದೆ. ಹೆಬ್ಬೆರಳು ಗಾತ್ರದ ಗಿಡಗಳು ಆ ಹದದಲ್ಲಿ ಕೈಯಿಂದಲೇ ಕಿತ್ತು ಬರುತ್ತವೆ. ತೆಗೆದ ಕುತ್ತಿಗೆಯನ್ನು ಹಸಿ ಮಣ್ಣಿನ ಮೇಲೆ ಬಿಡಬೇಡಿ. ಬದುವಿನ ಕಲ್ಲಿನ ಮೇಲೆ ಒಣ ಹಾಕಿ, ಆಮೇಲೆ ಒಲೆಗೆ. ಉರಿ ಚೆನ್ನಾಗಿ ಬರುತ್ತದೆ.

ಇದ್ದಿಲು ಸುಡುವವರಿಗೆ ಮರ ಕೊಡುವವರು ಇದ್ದಾರೆ. ಅವರು ಪುಕ್ಕಟೆ ಕಡಿಯುತ್ತಾರೆ, ಆದರೆ ಮೊಣಕಾಲೆತ್ತರ ಬೊಡ್ಡೆ ಬಿಟ್ಟು ಹೋಗುತ್ತಾರೆ. ಅವರಿಗೆ ಮುಂದಿನ ಸಲಕ್ಕೆ ಮರ ಬೇಕಲ್ವಾ! ಬೊಡ್ಡೆ ಅಗೆದು ಕೊಡುವ ಮಾತಾದರೆ ಮಾತ್ರ ಕೊಡಿ. ಜೆಸಿಬಿ ತರಿಸಿದರೂ ಇದೇ ಮಾತು. ಬಕೆಟ್‌ನಿಂದ ಬೊಡ್ಡೆ ಮುರಿದು ಮಣ್ಣು ಎಳೆದು ಮುಚ್ಚಿದರೆ ಗಂಟೆಯ ಬಾಡಿಗೆ ದಂಡ. ಪ್ರತಿ ಗುಂಡಿಯಿಂದ ಕುತ್ತಿಗೆ ಹೊರಬಂತಾ ಅಂತ ಪಕ್ಕದಲ್ಲೇ ನಿಂತು ನೋಡಿ.

ಕಾಣುವುದು: ಬೊಡ್ಡೆ ಒಣಗಿದೆ, ಆದರೆ ಐದಾರು ಅಡಿ ದೂರದಲ್ಲಿ ಹೊಸ ಗಿಡ

ಹೊಸ ಗಿಡದ ಪಕ್ಕ ಗೇಣು ಆಳ ಅಗೆಯಿರಿ. ನೇರ ಕೆಳಗೆ ಇಳಿಯುವ ಒಂದು ತಾಯಿ ಬೇರು ಕಂಡರೆ ಅದು ಬೀಜದ ಸಸಿ. ಅಡ್ಡ ಮಲಗಿದ ದಪ್ಪ ಬೇರಿನ ಮೇಲೆ ಗಿಡ ನಿಂತಿದ್ದರೆ ಅದು ಬೇರುಚಿಗುರು. ಬೇವು ಹೀಗೆ ಮಾಡುತ್ತದೆ, ಅದರಲ್ಲೂ ಕುಂಟೆಯೋ ರಂಟೆಯೋ ಬೇರಿಗೆ ತಾಗಿ ಗಾಯವಾದರೆ. ಸುತ್ತ ಮತ್ತೆ ಮತ್ತೆ ಆಳ ಉಳುಮೆ ಮಾಡಿದಷ್ಟೂ ಚಿಗುರು ಜಾಸ್ತಿ ಆಗುತ್ತದೆ. ಅಡ್ಡ ಬೇರನ್ನು ಎರಡೂ ಕಡೆ ಹುಡುಕಿಕೊಂಡು ಹೋಗಿ, ಇಡೀ ತುಂಡು ತೆಗೆಯಬೇಕು. ಆಗದಿದ್ದರೆ ಚಿಗುರು ಮುರಿಯುವ ಕೆಲಸವೇ ಸರಿ.

ಹುಬ್ಬಳ್ಳಿ ಧಾರವಾಡದ ಪ್ಲಾಟ್‌ಗಳಲ್ಲಿ ಒಂದು ಎಚ್ಚರಿಕೆ. ಆ ಬೇರು ಪಕ್ಕದ ಮನೆಯ ಬದುಕಿರುವ ಮರದ್ದು ಆಗಿರಬಹುದು. ಬೇರುಚಿಗುರಿಗೆ ಹಾಕಿದ ಔಷಧಿ ಬೇರಿನ ಮೂಲಕ ತಾಯಿ ಮರಕ್ಕೆ ಹೋಗುತ್ತದೆ. ಅವರ ಮರ ಒಣಗಿದರೆ ನೆರೆಹೊರೆ ಕೆಡುತ್ತದೆ. ಮೊದಲು ಅವರ ಜೊತೆ ಮಾತಾಡಿ.

ಕಾಣುವುದು: ಮಳೆ ಬಿದ್ದ ವಾರದಲ್ಲಿ ಎಲ್ಲೆಲ್ಲೂ ಸಣ್ಣ ಸಸಿ

ಇದು ಬೊಡ್ಡೆಯ ತಪ್ಪಲ್ಲ, ಬೀಜದ್ದು. ಸಸಿಗಳು ಹಿಕ್ಕೆ ಬಿದ್ದ ಜಾಗದಲ್ಲಿ ಗುಂಪಾಗಿ ಎದ್ದಿವೆಯಾ ನೋಡಿ. ಬಳ್ಳಾರಿ ಜಾಲಿಯ ಬೀಜದ ಸಿಪ್ಪೆ ಬಹಳ ಗಟ್ಟಿ. ಕುರಿ, ಆಡು, ದನದ ಹೊಟ್ಟೆಯಲ್ಲಿ ಹಾದು ಬಂದರೂ ಬದುಕಿರುತ್ತದೆ, ಮೊಳೆಯಲು ಇನ್ನೂ ಸುಲಭವಾಗುತ್ತದೆ. ನಮ್ಮ ಕಡೆ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತೇವೆ. ಒಳ್ಳೆಯ ಪದ್ಧತಿ, ಬಿಡಬಾರದು. ಆದರೆ ಕುರಿಗಾರರನ್ನು ಕೇಳಿ: "ಅಣ್ಣಾ, ಹ್ವಾದ ವಾರ ಎಲ್ಲಿ ಮೇಯಿಸಿದ್ರಿ?" ಜಾಲಿ ಕಾಯಿ ಉದುರುವ ಕಾಲದಲ್ಲಿ ಜಾಲಿ ಪೊದೆಯಿಂದ ನೇರ ಬಂದ ಹಿಂಡಾದರೆ ನಾಲ್ಕು ದಿನ ಬೇರೆ ಕಡೆ ಮೇದು ಬರಲಿ.

ಸುಬಾಬುಲ್ ಆದರೆ ಬೀಜ ಮರದ ಅಡಿಯಲ್ಲೇ ರಾಶಿ ಬಿದ್ದಿರುತ್ತದೆ. ಹಲವು ವರ್ಷ ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಮರ ಕಡಿದು ನೆರಳು ಹೋದ ವರ್ಷ ಒಮ್ಮೆಗೇ ಎದ್ದುಬಿಡುತ್ತದೆ. ಹೆದರಬೇಡಿ. ಎರಡು ಎಲೆ ಇರುವಾಗ ಒಂದು ಸಲ ಹರಗಿದರೆ ಆ ಸಲ ಎದ್ದ ಸಸಿ ಮುಗಿಯಿತು. ತಡ ಮಾಡಿ ಮೊಣಕಾಲೆತ್ತರ ಬಿಟ್ಟರೆ ಪ್ರತಿಯೊಂದೂ ಮತ್ತೊಂದು ಬೊಡ್ಡೆ. ಇಂಥ ಮರವನ್ನು ಕಾಯಿ ಬಲಿಯುವ ಮೊದಲು ಕಡಿಯುವುದೇ ಜಾಣತನ.

ಕಾಣುವುದು: ಔಷಧಿ ಹಾಕಿದ್ದೇನೆ, ಆದರೂ ಸಾಯಲಿಲ್ಲ

ಏನು ಹಾಕಿದಿರಿ ಅನ್ನುವುದು ಮೊದಲ ಪ್ರಶ್ನೆ.

ಉಪ್ಪು, ಆ್ಯಸಿಡ್, ಸೀಮೆಎಣ್ಣೆ, ಹಳೆ ಆಯಿಲ್ ಹಾಕಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಬೊಡ್ಡೆ ಸಾಯುತ್ತದೆ ಅನ್ನುವ ಖಾತ್ರಿ ಇಲ್ಲ, ಮಣ್ಣು ಮಾತ್ರ ಸಾಯುತ್ತದೆ. ನವಲಗುಂದ, ನರಗುಂದ ಕಡೆ ಮಲಪ್ರಭಾ ಕಾಲುವೆ ನೀರಿನಲ್ಲಿ ಹೊಲಗಳು ಸವಳಾಗಿ ರೈತರು ಪಟ್ಟ ಕಷ್ಟ ನಮಗೆ ಗೊತ್ತು. ಕೈಯಾರೆ ಎರೆ ಮಣ್ಣಿಗೆ ಉಪ್ಪು ಸುರಿಯುವುದು ಬೇಡ. ಬೆಂಕಿ ಹಚ್ಚುವುದೂ ಅಷ್ಟೇ. ನಾವು ಎರಡನೇ ವರ್ಷ ಬೊಡ್ಡೆ ಸುಟ್ಟಿದ್ದೆವು. ಮೇಲಿನದೆಲ್ಲ ಬೂದಿಯಾಯಿತು. ಮಣ್ಣಿನೊಳಗಿನ ಮೊಗ್ಗಿಗೆ ಕಾವು ತಾಗಲೇ ಇಲ್ಲ, ಪಕ್ಕದ ಹೊಲದ ಕಣಿಕೆ ಬಣವೆಗೆ ಕಿಡಿ ಹಾರುವುದು ಸ್ವಲ್ಪದರಲ್ಲಿ ತಪ್ಪಿತು.

ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಹಾಕಿದ್ದರೆ ಎಲೆ ಎರಡೇ ದಿನದಲ್ಲಿ ಸುಟ್ಟ ಹಾಗೆ ಆಗಿ, ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಅದು ತಾಗಿದ ಹಸಿರನ್ನು ಮಾತ್ರ ಸುಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಮನುಷ್ಯನ ಹೊಟ್ಟೆಗೆ ಹೋದರೆ ಇದಕ್ಕೆ ಮದ್ದೇ ಇಲ್ಲ. ಮರದ ಕೆಲಸಕ್ಕೆ ಇದನ್ನು ಮನೆಗೆ ತರಲೇಬೇಡಿ.

ಗ್ಲೈಫೋಸೇಟ್ ಬೇರಿಗೆ ಇಳಿಯುವ ಔಷಧಿ. ಆದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಅದನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್ (ಕೀಟ ನಿಯಂತ್ರಣದ ಕೆಲಸಕ್ಕೆ ಪರವಾನಗಿ ಪಡೆದವರು) ಮೂಲಕವೇ ಬಳಸಬೇಕು ಎಂದು ಹೇಳಿತು. ಹಾಗಾಗಿ ಅಂಗಡಿಯವರ ಮಾತಿಗೆ ಒಪ್ಪಿ ತರುವ ಮೊದಲು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ. ಗದಗ ಕಡೆಯವರಿಗೆ ಹುಲಕೋಟಿ, ಹಾವೇರಿ ಕಡೆಯವರಿಗೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ.

ಸರಿಯಾದ ಔಷಧಿ ಹಾಕಿಸಿಯೂ ಸಾಯದಿದ್ದರೆ ತಪ್ಪು ಸಾಮಾನ್ಯವಾಗಿ ಹೊತ್ತಿನದು. ಬೆಳಗ್ಗೆ ಕಡಿದು ಸಂಜೆ ಹಚ್ಚಿದರೆ ಕೆಲಸ ಆಗುವುದಿಲ್ಲ. ಕಡಿದ ಬಾಯಿ ಒಣಗಿ ಮುಚ್ಚಿಕೊಂಡಿರುತ್ತದೆ. ಕಡಿದ ಐದು ನಿಮಿಷದೊಳಗೆ ಹಚ್ಚಬೇಕು. ಒಬ್ಬರು ಕಡಿಯಲಿ, ಇನ್ನೊಬ್ಬರು ಬ್ರಷ್ ಹಿಡಿದು ಹಿಂದೆಯೇ ಇರಲಿ. ತಡವಾಗಿದ್ದರೆ ಬೊಡ್ಡೆಯ ಮೇಲಿಂದ ಒಂದು ತೆಳು ಬಿಲ್ಲೆ ಮತ್ತೆ ಕತ್ತರಿಸಿ ಹಸಿ ಬಾಯಿಗೆ ಹಚ್ಚಿಸಿ. ಹಚ್ಚಬೇಕಾದದ್ದು ನಡುವಿನ ಕಪ್ಪು ಕಟ್ಟಿಗೆಗೆ ಅಲ್ಲ, ಅದು ಆಗಲೇ ಸತ್ತ ಭಾಗ. ತೊಗಟೆಯ ಒಳಗಿನ ಹಸಿ ಉಂಗುರಕ್ಕೆ ಸುತ್ತಲೂ ಹಚ್ಚಬೇಕು. ಕಟ್ಟಿಗೆ ಪುಡಿ ಒರೆಸಿ ಹಚ್ಚಿ. ಅದೇ ದಿನ ಮಳೆ ಬಂದರೆ ತೊಳೆದು ಹೋಗುತ್ತದೆ.

ನೀರು ಕೂಡ ಕಾರಣ ಆಗಬಹುದು. ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ, ಗಡಸು ನೀರಿನ ಸುಣ್ಣಕ್ಕೆ ಅಂಟಿಕೊಂಡು ಬಲ ಕಳೆದುಕೊಳ್ಳುತ್ತದೆ. ಹೊಂಡದ ಕೆಂಪು ನೀರು, ಪಾತ್ರೆಗೆ ಬಿಳಿ ಕಲೆ ಹಿಡಿಸುವ ಬೋರ್ ನೀರು ಎರಡೂ ಬೇಡ. ಮಳೆ ನೀರು ಹಿಡಿದಿಟ್ಟಿದ್ದರೆ ಒಳ್ಳೆಯದು.

ಕಾಲವೂ ಮುಖ್ಯ. ಕಡು ಬೇಸಿಗೆಯಲ್ಲಿ ಮರ ಬಾಯಾರಿ ನಿಂತಿರುತ್ತದೆ, ಔಷಧಿ ಇಳಿಯುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುತ್ತಿರುತ್ತದೆ. ಔಷಧಿಯೂ ಅದರ ಜೊತೆ ಇಳಿಯುತ್ತದೆ.

2,4-ಡಿ ಅನ್ನುವ ಕಳೆನಾಶಕದ ಬಗ್ಗೆ ಕೈ ಮುಗಿದು ಕೇಳುತ್ತೇನೆ. ಸುತ್ತ ಹತ್ತಿ, ಮೆಣಸಿನಕಾಯಿ, ಕಡಲೆ ಇರುವಾಗ ಇದನ್ನು ಸಿಂಪಡಿಸಬೇಡಿ. ಗಾಳಿಯಲ್ಲಿ ಹೋದ ಸ್ವಲ್ಪವೇ ಸಾಕು, ಹತ್ತಿಯ ಎಲೆ ಬೆರಳಿನ ಹಾಗೆ ಮುದುಡುತ್ತದೆ. ಅದೇ ಪಂಪ್ ತೊಳೆಯದೆ ಹತ್ತಿಗೆ ಹೊಡೆದರೂ ಅದೇ ಗತಿ. ಪಕ್ಕದವರ ವರ್ಷದ ಅನ್ನ ಅದು.

ಕೈಗವಸು, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಯಾವ ಔಷಧಿಯನ್ನೂ ಮುಟ್ಟಬೇಡಿ. ನೀರಿನ ಬಾಟಲಿಗೆ ಸುರಿದಿಡಬೇಡಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಕಾಣುವುದು: ಗೋಡೆಯ ಬಿರುಕಿನಲ್ಲಿ ಅರಳಿ ಮತ್ತೆ ಮತ್ತೆ

ಕಾಗೆ, ಗೊರವಂಕ ಹಣ್ಣು ತಿಂದು ಗೋಡೆ ಮೇಲೆ ಹಿಕ್ಕೆ ಹಾಕುತ್ತವೆ. ಬೀಜ ಮೊಳೆಯಲು ತೇವ ಬೇಕು. ಹಾಗಾಗಿ ಅರಳಿ ಎದ್ದ ಜಾಗ ಅಂದರೆ ಅಲ್ಲಿ ನೀರು ಒಸರುತ್ತಿದೆ. ತಾರಸಿ ಪೈಪು, ಟ್ಯಾಂಕಿನ ಸೋರಿಕೆ ಮೊದಲು ಹುಡುಕಿ. ನಾಲ್ಕು ಎಲೆಯ ಸಸಿ ಆದರೆ ಮಳೆಯ ಮರುದಿನ ನಿಧಾನವಾಗಿ ಎಳೆದರೆ ಬೇರು ಸಮೇತ ಬರುತ್ತದೆ. ಬೇರು ಬೆರಳಿಗಿಂತ ದಪ್ಪ ಆಗಿದ್ದರೆ ಎಳೆಯಬೇಡಿ. ಪ್ಲಾಸ್ಟರ್ ಜೊತೆ ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಚಿಗುರು ಮುರಿಯುತ್ತಾ ಇರಿ. ಬೇರು ಸತ್ತು ಒಣಗಿದ ಮೇಲೆ ಮೇಸ್ತ್ರಿಯಿಂದ ಬಿರುಕು ಮುಚ್ಚಿಸಿ. ಹಳೆಯ ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಹಾಕಿದರೆ ಪಕ್ಕದಲ್ಲಿ ಹೊಸ ಬಿರುಕು ಬಿಡುತ್ತದೆ.

ಲಕ್ಕುಂಡಿಯ ಗುಡಿಗಳು, ಉಣಕಲ್ಲಿನ ಚಂದ್ರಮೌಳೇಶ್ವರ, ನಮ್ಮ ಅಣ್ಣಿಗೇರಿಯ ಅಮೃತೇಶ್ವರ, ಇಂಥ ಕಡೆ ಕಲ್ಲಿನ ಸಂದಿಯಲ್ಲಿ ಗಿಡ ಕಂಡರೆ ಭಕ್ತಿಯಿಂದ ಕೂಡ ಕೀಳಬೇಡಿ. ಫೋಟೊ ತೆಗೆದು ಅಲ್ಲಿನ ಪುರಾತತ್ವ ಸಿಬ್ಬಂದಿಗೆ ತೋರಿಸಿ.

ಕಾಣುವುದು: ಮರ ತೆಗೆದ ಮುಂದಿನ ವರ್ಷ ಮನೆಯ ನೆಲ ಎದ್ದಿದೆ, ಬಾಗಿಲು ಹಿಡಿಯುತ್ತಿದೆ

ಎರೆ ಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ. ದೊಡ್ಡ ಮರ ಎಷ್ಟೋ ವರ್ಷ ತಳಪಾಯದ ಅಡಿಯ ನೀರು ಹೀರಿ ಮಣ್ಣನ್ನು ಒಣಗಿಸಿಟ್ಟಿರುತ್ತದೆ. ಮನೆ ಆ ಒಣ ಮಣ್ಣಿನ ಮೇಲೆ ನಿಂತಿರುತ್ತದೆ. ಮರ ಹೋದ ಮೇಲೆ ಮಳೆ ನೀರು ಅಲ್ಲೇ ನಿಂತು ಮಣ್ಣು ಹಿಗ್ಗಿ ನೆಲ ಎತ್ತುತ್ತದೆ. ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ಮಳೆಗಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಮುಚ್ಚಿದರೆ ಮಣ್ಣಿನ ಆಟ. ಒಂದೇ ಸಮನೆ ಅಗಲವಾಗುತ್ತಿದ್ದರೆ, ಅಥವಾ ಬೆರಳು ತೂರುವಷ್ಟಾದರೆ, ಇಂಜಿನಿಯರ್‌ಗೆ ತೋರಿಸಿ, ತೇಪೆ ಹಾಕಿ ಸುಮ್ನಿರಬೇಡಿ. ಮನೆಗೆ ಹತ್ತಿರದ ದೊಡ್ಡ ಮರವನ್ನು ಇನ್ನೂ ತೆಗೆದಿಲ್ಲವಾದರೆ, ತೆಗೆಯುವ ಮೊದಲೇ ಅವರನ್ನು ಕೇಳಿ. ಕೊಂಬೆ ತಗ್ಗಿಸಿದರೆ ಸಾಕು ಅನ್ನಬಹುದು.

ಇಲ್ಲಿ ನಿಲ್ಲಿ

ಕೊಂಬೆ ಕರೆಂಟ್ ತಂತಿಗೆ ತಾಗಿದ್ದರೆ ಅಥವಾ ಬಿದ್ದರೆ ತಾಗುವ ಹಾಗಿದ್ದರೆ, ಹೆಸ್ಕಾಂ 1912ಕ್ಕೆ ಫೋನ್ ಮಾಡಿ. ಅವರು ಲೈನ್ ಬಂದ್ ಮಾಡಿದ್ದೇವೆ ಅನ್ನುವವರೆಗೆ ಮರ ಮುಟ್ಟಬೇಡಿ. ಹಸಿ ಮರದಲ್ಲಿ ಕರೆಂಟ್ ಹರಿಯುತ್ತದೆ. ಹೆಜ್ಜೇನು ಇದ್ದರೆ ಜೇನು ಬಲ್ಲವರನ್ನು ಕರೆಸಿ. ಕಾಂಡ ಬಡಿದಾಗ ಡೊಳ್ಳಿನ ಹಾಗೆ ಟೊಳ್ಳು ಸದ್ದು ಬಂದರೆ, ಮರ ಮನೆ ಕಡೆ ವಾಲಿದ್ದರೆ, ಅದು ಯಾವ ಕಡೆ ಬೀಳುತ್ತದೆ ಎಂದು ಯಾರೂ ಖಾತ್ರಿ ಹೇಳಲಾರರು. ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸುವವರೇ ಬೇಕು. ಗೂಡಿನಲ್ಲಿ ಮರಿ ಇದ್ದರೆ ಹಾರುವವರೆಗೆ ಕಾಯಿರಿ.

ಜಾಲಿ ಮುಳ್ಳು ಚಪ್ಪಲಿ ತೂರಿ, ಟ್ರ್ಯಾಕ್ಟರ್ ಟೈರ್ ತೂರಿ ಒಳಗೆ ಹೋಗುತ್ತದೆ. ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ. ಮುಳ್ಳು ಕೈಕಾಲಿನ ಗೆಣ್ಣಿನ ಹತ್ತಿರ ಮುರಿದು ಊತ ಬಂದರೆ ಸೂಜಿಯಿಂದ ಕೆದಕದೆ ಡಾಕ್ಟರ್‌ಗೆ ತೋರಿಸಿ, ಟಿಟಿ ಇಂಜೆಕ್ಷನ್ ಆಗಿದೆಯಾ ಕೇಳಿ. ಕಣ್ಣಿಗೆ ಚುಚ್ಚಿದರೆ ಉಜ್ಜದೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ.

ಕಾಣುವುದು: ಬೊಡ್ಡೆ ಮೇಲೆ ಅಣಬೆ, ಪಕ್ಕದಲ್ಲಿ ಗೆದ್ದಲು, ನೆಲ ಕುಸಿದಿದೆ

ಅಣಬೆ ಕಂಡರೆ ಖುಷಿ ಪಡಿ, ಕಟ್ಟಿಗೆ ಕೊಳೆಯಲು ಶುರುವಾಗಿದೆ. ಆದರೆ ತಿನ್ನಬೇಡಿ. ಹೊಲದಲ್ಲಾದರೆ ಗೆದ್ದಲೂ ಒಳ್ಳೆಯದೇ, ಪುಕ್ಕಟೆ ಕೂಲಿ. ಮನೆ ಗೋಡೆಯ ಪಕ್ಕದ ಬೊಡ್ಡೆಯಲ್ಲಿ ಗೆದ್ದಲು ಕಂಡರೆ ಮಾತ್ರ ಆ ಬೊಡ್ಡೆಯನ್ನು ಅಗೆದು ತೆಗೆಸಿ, ಚೌಕಟ್ಟಿನ ಕಡೆ ಬರುವ ಮೊದಲೇ. ದಪ್ಪ ಬೇರು ಕೊಳೆತ ಜಾಗ ಒಂದೆರಡು ಮಳೆಗಾಲದ ಬಳಿಕ ಒಳಗಿನಿಂದ ಪೊಳ್ಳಾಗಿ ಕುಸಿಯುತ್ತದೆ. ನಮ್ಮ ಬದುವಿನಲ್ಲಿ ಎತ್ತಿನ ಕಾಲು ಹೀಗೇ ಸಿಕ್ಕಿಬಿದ್ದಿತ್ತು. ಈಗ ಪ್ರತಿ ವರ್ಷ ಹಿಂಗಾರು ಬಿತ್ತುವ ಮೊದಲು ಹಾರಿ ಹಿಡಿದು ಹಳೆ ಬೊಡ್ಡೆಗಳ ಸುತ್ತ ಕುಟ್ಟಿ ನೋಡುತ್ತೇವೆ. ಪೊಳ್ಳು ಸದ್ದು ಬಂದಲ್ಲಿ ಒಡೆದು, ಮಣ್ಣು ತುಂಬಿ ತುಳಿಯುತ್ತೇವೆ. ಅದೇ ಹೊತ್ತಿಗೆ ಚಿಗುರು ಇದೆಯಾ ಅಂತಲೂ ನೋಡಿಕೊಂಡು ಬರುತ್ತೇವೆ. ಹೋದ ವರ್ಷ ಎರಡು ಸಿಕ್ಕವು, ಎರಡೂ ಗೇಣಿಗಿಂತ ಚಿಕ್ಕವು.